ಮತ್ತೆ ಮತ್ತೆ ಸುಡುವ ಹೆಡ್‌ಲೈಟ್

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನ ರಸ್ತೆಗಳಿಗೆ ರಾತ್ರಿಯೆಂಬುದೇ ಇರುವುದಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಕ್ಕರೆ ಕಾರ್ಖಾನೆಗಳ ಕಡೆಗೆ ಸಾಲುಗಟ್ಟಿ ಸಾಗುತ್ತಿರುತ್ತವೆ. ಕೆಲವು ಟ್ರೇಲರ್‌ಗಳ ಹಿಂದೆ ಕೆಂಪು ದೀಪವೂ ಇರುವುದಿಲ್ಲ. ಇಂಥ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೊರಟ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಅದಕ್ಕೆ ಹೆಡ್‌ಲೈಟೇ ಕಣ್ಣು. ಆ ಕಣ್ಣು ಪದೇ ಪದೇ ಕೆಟ್ಟರೆ?

ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರ ಹಳೆಯ ಕಾರು ಎಂದಿಟ್ಟುಕೊಳ್ಳಿ. ವಾರಕ್ಕೆರಡು ಸಲ ಮುಧೋಳಕ್ಕೆ ಹೋಗಿ, ಕತ್ತಲಾದ ಮೇಲೆ ಮಹಾಲಿಂಗಪುರದ ಮೇಲೆ ಹಾಯ್ದು ಊರಿಗೆ ಮರಳುವುದು ಅವರ ರೂಢಿ. ಮೂರು ತಿಂಗಳಲ್ಲಿ ಹೆಡ್‌ಲೈಟಿನ ಮೂರು ಬಲ್ಬು ಸುಟ್ಟಿವೆ. ಪ್ರತಿ ಸಲವೂ ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ:

“ಬಲ್ಬ್ ಡೂಪ್ಲಿಕೇಟ್ ಬಂದಿರಬೇಕ್ರಿ ಸಾವಕಾರ್ರ. ಈ ಸಲ ಚಲೋ ಕಂಪನೀದು ಹಾಕ್ತೀನಿ.”

ಚಲೋ ಕಂಪನಿಯದೂ ಸುಟ್ಟಿತು. ಹತ್ತನೆಯ ತರಗತಿಯಲ್ಲಿ ಓದುವ ಮಗಳು ಒಂದು ಪ್ರಶ್ನೆ ಕೇಳಿದಳು.

“ಅಪ್ಪಾ, ಎರಡೂ ಕಡೆ ಬಲ್ಬ್ ಸುಡತಾವೇನು, ಇಲ್ಲಾ ಒಂದ ಕಡೆದು ಸುಡತೈತೇನು?”

“ಬಲಗಡೆದು ಒಂದ ನೋಡವಾ. ಮೂರೂ ಸಲ ಅದ.”

ಅರ್ಧ ದುರಸ್ತಿ ಆ ಪ್ರಶ್ನೆಯಲ್ಲಿಯೇ ಮುಗಿದಿತ್ತು. ಅದು ಹೇಗೆಂದು ತಿಳಿಯಲು ಬಲ್ಬಿನ ಒಳಗನ್ನು ನೋಡಬೇಕು.

ಇತ್ತೀಚಿನ ಅನೇಕ ಕಾರುಗಳಿಗೆ ಎಲ್‌ಇಡಿ ದೀಪ ಬಂದಿದೆ. ಆದರೆ ರಸ್ತೆಯಲ್ಲಿರುವ ಎಷ್ಟೋ ಕಾರುಗಳಲ್ಲಿ ಇಂದಿಗೂ ಇರುವುದು ಹ್ಯಾಲೊಜೆನ್ ಬಲ್ಬು. ಯುರೋಪಿನ ಕಾರುಗಳಿಗೆ ಇದು ಬಂದದ್ದು 1962ರಲ್ಲಿ. ಬಹಳ ಬಳಕೆಯಲ್ಲಿರುವ ಎಚ್-4 ಎಂಬ ಬಗೆಯಲ್ಲಿ ಎರಡು ತಂತುಗಳಿರುತ್ತವೆ. ದೂರದ ಬೆಳಕಿಗೆ 60 ವ್ಯಾಟ್, ಡಿಪ್ ಬೆಳಕಿಗೆ 55 ವ್ಯಾಟ್. ತಂತುವಿನ ಲೋಹ ಟಂಗ್‌ಸ್ಟನ್. ಅದು ಕರಗುವುದು 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಳಗುವಾಗ ತಂತುವಿನ ಬಿಸಿ 2,500 ಡಿಗ್ರಿಯನ್ನೂ ಮೀರಿರುತ್ತದೆ. ಆಗ ಟಂಗ್‌ಸ್ಟನ್ ಮೆಲ್ಲಮೆಲ್ಲನೆ ಆವಿಯಾಗುತ್ತದೆ. ಬಲ್ಬಿನಲ್ಲಿ ತುಂಬಿದ ಅಯೋಡಿನ್ ಅಥವಾ ಬ್ರೋಮಿನ್ ಆ ಆವಿಯೊಡನೆ ಕೂಡಿ, ಲೋಹವನ್ನು ತಿರುಗಿ ತಂತುವಿನತ್ತ ಒಯ್ಯುತ್ತದೆ. ಗಾಜು ಕಪ್ಪಾಗದಿರುವುದು ಇದರಿಂದಲೇ. ಆದರೆ ಲೋಹ ಹೋದ ಜಾಗಕ್ಕೇ ಮರಳಿ ಬರುವುದಿಲ್ಲ. ಕೊನೆಗೊಮ್ಮೆ ಎಲ್ಲೋ ಒಂದು ಕಡೆ ತಂತು ಸವೆದು ತುಂಡಾಗುತ್ತದೆ. ಇದು ಬಲ್ಬಿನ ಸಹಜ ಸಾವು. ತಿಂಗಳಿಗೊಂದು ಸತ್ತರೆ ಅದು ಸಹಜವಲ್ಲ.

ಮೊದಲ ಶಂಕೆ ವೋಲ್ಟೇಜಿನ ಮೇಲೆ. ಗುಂಡು ಬಲ್ಬುಗಳ ಕಾಲದಲ್ಲಿ, ಹೊಲದ ಪಂಪ್‌ಸೆಟ್‌ಗಳು ಒಟ್ಟಿಗೆ ನಿಂತಾಗ ಮನೆಯ ದೀಪ ಝಗ್ಗನೆ ಬೆಳಗಿ, ಕೆಲವೊಮ್ಮೆ ಸುಟ್ಟೇ ಹೋಗುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಕಾರಿನಲ್ಲಿಯೂ ಹಾಗೆಯೇ. ವೋಲ್ಟೇಜ್ ನೂರಕ್ಕೆ 5ರಷ್ಟು ಏರಿದರೆ ಬಲ್ಬಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಾರಿನಲ್ಲಿ ವಿದ್ಯುತ್ತು ಹುಟ್ಟಿಸುವುದು ಆಲ್ಟರ್ನೇಟರ್. ಅದಕ್ಕೆ ಮೂಗುದಾರ ಹಾಕುವುದು ರೆಗ್ಯುಲೇಟರ್. ಎಂಜಿನ್ ನಿಂತಿದ್ದಾಗ, ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಶುರುಮಾಡಿ ಸ್ವಲ್ಪ ವೇಗ ಹೆಚ್ಚಿಸಿದಾಗ ಅದು 13.8ರಿಂದ 14.5ರ ಒಳಗಿರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ ಎಂದೇ ತಿಳಿಯಬೇಕು. ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದ್ದರೂ ವೋಲ್ಟೇಜ್ ಒಮ್ಮೆಲೆ ಜಿಗಿಯಬಹುದು.

ಆದರೆ ಎಡಗಡೆಯ ಬಲ್ಬಿಗೂ ಬಲಗಡೆಯದಕ್ಕೂ ವಿದ್ಯುತ್ತು ಬರುವುದು ಒಂದೇ ಮೂಲದಿಂದ. ವೋಲ್ಟೇಜ್ ಹೆಚ್ಚಾದರೆ ಅದು ಎರಡನ್ನೂ ಸುಡಬೇಕು. ಬಲಗಡೆಯದನ್ನಷ್ಟೇ ಹುಡುಕಿಕೊಂಡು ಬಂದು ಸುಡುವುದಿಲ್ಲ. ಆದ್ದರಿಂದ ಬನಹಟ್ಟಿಯ ಕಾರಿನಲ್ಲಿ ಕಳ್ಳ ಬಲಗಡೆಯ ದೀಪದ ಬಳಿಯಲ್ಲಿಯೇ ಅಡಗಿದ್ದಾನೆ. ಮಗಳ ಪ್ರಶ್ನೆಯ ಬೆಲೆ ಇದು.

ಮುಂದಿನ ಸಾಕ್ಷಿ ಸತ್ತ ಬಲ್ಬೇ. ಅದನ್ನು ಎಸೆಯದೆ ಬೆಳಕಿಗೆ ಹಿಡಿದು ನೋಡಬೇಕು. ಗಾಜು ಒಂದೇ ಕಡೆ ಗುಳ್ಳೆಯಂತೆ ಉಬ್ಬಿದ್ದರೆ, ಹಾಕುವಾಗ ಯಾರೋ ಬೆರಳಿನಿಂದ ಗಾಜನ್ನು ಮುಟ್ಟಿದ್ದಾರೆ ಎಂಬ ಅನುಮಾನಕ್ಕೆ ಎಡೆಯುಂಟು. ಬೆರಳಿನ ಎಣ್ಣೆ ಜಿಡ್ಡು ಅಂಟಿದ ಜಾಗ ಮಿತಿಮೀರಿ ಕಾದು ಗಾಜು ಮೆತ್ತಗಾಗುತ್ತದೆ. ಒಳಗೆ ಬಿಳಿ ಹೊಗೆ ಕವಿದಂತಿದ್ದರೆ ಗಾಜು ಸೀಳಿ ಗಾಳಿ ಹೊಕ್ಕಿದೆ. ದೀಪದ ಒಳಗೆ ಮಳೆನೀರು ಇಳಿದು, ಕಾದ ಗಾಜಿಗೆ ಹನಿ ತಾಗಿದರೂ ಹೀಗಾಗಬಹುದು. ಗಾಜು ಕಪ್ಪಾಗಿದ್ದರೆ ಬಲ್ಬಿಗೆ ವಯಸ್ಸಾಗಿದೆ ಅಥವಾ ವೋಲ್ಟೇಜ್ ಹೆಚ್ಚಾಗಿದೆ. ಗಾಜು ತಿಳಿಯಾಗಿದ್ದು ತಂತು ಮಾತ್ರ ಪಟ್ಟನೆ ತುಂಡಾಗಿದ್ದರೆ ಅಲುಗಾಟದ ಮೇಲೆ ಶಂಕೆ ಪಡಬೇಕು. ಬಿಳಿಗಾವು ಏರಿದ ತಂತು ಮೆತ್ತಗಿರುತ್ತದೆ, ಆಗ ಬೀಳುವ ಪೆಟ್ಟನ್ನು ಅದು ತಾಳಲಾರದು.

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಎರಡು ಹಳೆಯ ಬಲ್ಬುಗಳು ಬಿದ್ದಿದ್ದವು. ಎರಡರ ಗಾಜೂ ತಿಳಿ, ತಂತು ತುಂಡು. ಬಾನೆಟ್ ಎತ್ತಿ ಬಲಗಡೆಯ ಹೆಡ್‌ಲೈಟನ್ನು ಕೈಯಿಂದ ಅಲುಗಿಸಿದರೆ ಅದು ಬಿದ್ದುಹೋಗುವ ಹಲ್ಲಿನಂತೆ ಆಡುತ್ತಿತ್ತು. ಹಿಂದೊಮ್ಮೆ ಬಂಪರಿಗೆ ಪೆಟ್ಟು ಬಿದ್ದಾಗ ದೀಪವನ್ನು ಹಿಡಿದಿದ್ದ ಪ್ಲಾಸ್ಟಿಕ್ ಕಿವಿ ಮುರಿದಿತ್ತು. ಕಬ್ಬಿನ ಗಾಡಿಗಳು ತಗ್ಗುದಿನ್ನೆ ಮಾಡಿದ ರಸ್ತೆಯಲ್ಲಿ ಪ್ರತಿ ಕುಣಿಯ ಪೆಟ್ಟೂ ನೇರ ತಂತುವಿಗೆ ತಾಗುತ್ತಿತ್ತು. ಒಂದು ಪಟ್ಟಿ, ಎರಡು ಸ್ಕ್ರೂ ಹಾಕಿದ ಮೇಲೆ ನಾಲ್ಕನೆಯ ಬಲ್ಬು ಹಂಗಾಮು ಮುಗಿಯುವವರೆಗೂ ಉಳಿಯಿತು.

ಇಲ್ಲಿ ಹಲವರು ಇನ್ನೊಂದು ದಾರಿ ಹಿಡಿಯುತ್ತಾರೆ: “ದೊಡ್ಡ ಬಲ್ಬ್ ಹಾಕಿಸಿದರಾಯಿತು.” ಅದರ ಲೆಕ್ಕ ಶಾಲೆಯ ಹುಡುಗರಿಗೂ ಬರುತ್ತದೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 55 ವ್ಯಾಟಿನ ತಂತು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. 100 ವ್ಯಾಟಿನದು 8.3 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣ. ಹಾಗಾಗಿ ಅದೇ ವೈರು ಮೂರು ಪಟ್ಟಿಗಿಂತ ಹೆಚ್ಚು ಕಾಯುತ್ತದೆ. ಹೋಲ್ಡರ್ ಕರಗುತ್ತದೆ, ಸ್ವಿಚ್ ಸುಡುತ್ತದೆ, ಎದುರಿಗೆ ಬರುವವನ ಕಣ್ಣು ಕುಕ್ಕುತ್ತದೆ. ದೀಪ ಸುಡುವುದರ ಬದಲು ಕಾರೇ ಸುಡುವ ಅಪಾಯವೂ ಉಂಟು.

“ಒಂದು ದೀಪ ಇದೆಯಲ್ಲ, ಊರು ಮುಟ್ಟಿದರಾಯಿತು” ಎಂಬ ಧೈರ್ಯವೂ ಒಳ್ಳೆಯದಲ್ಲ. ನಮ್ಮ ದೇಶದಲ್ಲಿ ವಾಹನಗಳು ಎಡಕ್ಕೆ ಸಾಗುತ್ತವೆ. ಕಾರಿನ ಬಲದೀಪ ಇರುವುದು ರಸ್ತೆಯ ನಡುವಿನ ಕಡೆಗೆ. ಅದು ಆರಿದರೆ ಎದುರಿನ ಟ್ರ್ಯಾಕ್ಟರಿನವನಿಗೆ ಕಾಣುವುದು ಎಡದೀಪ ಒಂದೇ. ಅಂಚು ಹಿಡಿದು ಬೈಕು ಬರುತ್ತಿದೆ ಎಂದು ಅವನು ನಡುವಿಗೆ ಸರಿಯುತ್ತಾನೆ. ಆ ದೀಪದಿಂದ ಬಲಕ್ಕೆ ಒಂದು ಮೀಟರಿಗೂ ಹೆಚ್ಚು ಅಗಲದ ಕಾರು ಕತ್ತಲಲ್ಲಿರುತ್ತದೆ. ಅದರ ಒಳಗೆ ಸ್ಟಿಯರಿಂಗ್ ಹಿಡಿದವನು ಕುಳಿತಿರುವುದೂ ಆ ಬಲಭಾಗದಲ್ಲಿಯೇ.

ಬಲ್ಬು ಬದಲಿಸುವಾಗ ಎಂಜಿನ್ ಮತ್ತು ದೀಪ ಎರಡನ್ನೂ ಆರಿಸಿ, ಬಲ್ಬು ತಣ್ಣಗಾಗುವವರೆಗೆ ಕಾಯಬೇಕು. ಹೊಸದನ್ನು ಲೋಹದ ಬುಡದಲ್ಲಿ ಹಿಡಿಯಬೇಕು. ಗಾಜಿಗೆ ಬೆರಳು ತಾಗಿದರೆ ಸ್ಪಿರಿಟ್ ಹಚ್ಚಿದ ಶುಚಿಯಾದ ಬಟ್ಟೆಯಿಂದ ಒರೆಸಬೇಕು. ಹೋಲ್ಡರ್ ಕಪ್ಪಾಗಿದೆಯೇ, ರಬ್ಬರ್ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಈ ಕೆಲಸ ನಡೆಯುವಾಗ ಮಕ್ಕಳನ್ನು “ನಿನಗೇನು ತಿಳಿಯುತ್ತದೆ, ಹೋಗಿ ಓದಿಕೋ” ಎಂದು ಒಳಗೆ ಅಟ್ಟುವ ತಂದೆತಾಯಿಗಳು ಒಂದು ಮಾತು ನೆನೆಯುವುದು ಒಳಿತು. ಮೂರು ಬಲ್ಬಿನ ದುಡ್ಡಿಗೆ ಸಿಗದ ಉತ್ತರ ಆ ಹುಡುಗಿಯ ಒಂದು ಪ್ರಶ್ನೆಗೆ ಸಿಕ್ಕಿತು. ಅವಳು ಓದಿದ ಓಮ್‌ನ ನಿಯಮ ಪುಸ್ತಕದಲ್ಲಿತ್ತು, ಅದರ ಪರೀಕ್ಷೆ ಬಾನೆಟ್ಟಿನ ಕೆಳಗಿತ್ತು.