350 ಸಿಸಿಯ ಗೆರೆ ಮತ್ತು ದೂರದಾರಿಯ ಮೋಟಾರ್ ಸೈಕಲ್

ಮೋಟಾರ್ ಸೈಕಲ್ ಕೊಳ್ಳುವವರು ಬೆಲೆ, ಆರಾಮ, ಸಾಮರ್ಥ್ಯ ಎಂಬ ಮೂರನ್ನು ತೂಗಿ ನೋಡುವುದು ವಾಡಿಕೆ. ವೇಗಕ್ಕೂ ದೂರ ಪ್ರಯಾಣಕ್ಕೂ ಒಗ್ಗುವ ಸ್ಪೋರ್ಟ್ ಟೂರಿಂಗ್ ವರ್ಗದ ವಾಹನಗಳಲ್ಲಿ ಈ ತೂಕ ಇನ್ನಷ್ಟು ಸೂಕ್ಷ್ಮವಾದುದು. ಆದರೆ 2025ರ ಸೆಪ್ಟೆಂಬರ್ 22ರಿಂದ ಇವು ಮೂರನ್ನೂ ಹಿಂದಕ್ಕೆ ಸರಿಸಿ, 350 ಸಿಸಿ ಎಂಬ ತೆರಿಗೆಯ ಗೆರೆಯೇ ತಕ್ಕಡಿಯನ್ನು ವಾಲಿಸತೊಡಗಿದೆ.

ಗೆರೆ ಹೊಸದೇನೂ ಅಲ್ಲ. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಎಲ್ಲ ಪೆಟ್ರೋಲ್ ದ್ವಿಚಕ್ರ ವಾಹನಗಳಿಗೆ ಶೇ. 28 ತೆರಿಗೆ ಇದ್ದು, 350 ಸಿಸಿ ಮೀರಿದವುಗಳಿಗೆ ಶೇ. 3 ಪರಿಹಾರ ಸೆಸ್ ಸೇರುತ್ತಿತ್ತು. ಈಗ ಗೆರೆಯ ಕೆಳಗಿನವುಗಳಿಗೆ ಶೇ. 18, ಮೇಲಿನವುಗಳಿಗೆ ಶೇ. 40. ತೆರಿಗೆ ಬಿಟ್ಟು ಎರಡು ಲಕ್ಷ ರೂಪಾಯಿ ಮೌಲ್ಯದ ಎರಡು ವಾಹನಗಳನ್ನು ತೆಗೆದುಕೊಂಡರೆ, ಮೊದಲು ಅವುಗಳ ಬೆಲೆ ರೂ. 2,56,000 ಮತ್ತು ರೂ. 2,62,000 ಆಗುತ್ತಿತ್ತು, ಅಂತರ ಆರು ಸಾವಿರ. ಇಂದು ಅದೇ ಲೆಕ್ಕ ರೂ. 2,36,000 ಮತ್ತು ರೂ. 2,80,000, ಅಂತರ ನಲವತ್ತನಾಲ್ಕು ಸಾವಿರ. ವಿಮೆಯಲ್ಲಿಯೂ ಇದೇ ಗೆರೆ ಇದೆ. 2022ರ ಜೂನ್‌ನಲ್ಲಿ ನಿಗದಿಯಾದ ದರಪಟ್ಟಿಯಂತೆ ಹೊಸ ವಾಹನದ ಐದು ವರ್ಷಗಳ ಥರ್ಡ್ ಪಾರ್ಟಿ ಪ್ರೀಮಿಯಂ 150 ಸಿಸಿ ಮೀರಿ 350 ಸಿಸಿವರೆಗೆ ರೂ. 7,365, ಮೇಲ್ಪಟ್ಟರೆ ರೂ. 15,117.

ಇಷ್ಟು ಹೆಚ್ಚು ತೆತ್ತವನಿಗೆ ದೊರೆಯುವುದೇನು? ಬಜಾಜ್ ಡಾಮಿನಾರ್ 400ರ 373 ಸಿಸಿ ಎಂಜಿನ್ 2019ರ ಸುಧಾರಣೆಯ ನಂತರ ಸುಮಾರು 40 ಅಶ್ವಶಕ್ತಿ ನೀಡುವಂತಾಯಿತು. ಟಿವಿಎಸ್ ಅಪಾಚೆ ಆರ್‌ಆರ್ 310ರ 312 ಸಿಸಿ ಎಂಜಿನ್ 2024ರ ಮಾದರಿಯಲ್ಲಿ 38ಕ್ಕೆ ಏರಿತು. ರಾಯಲ್ ಎನ್‌ಫೀಲ್ಡ್ ಮಿಟಿಯೋರ್‌ನ 349 ಸಿಸಿ ಎಂಜಿನ್ ನೀಡುವುದು ಸುಮಾರು 20 ಮಾತ್ರ. ಅಂದರೆ ಶಕ್ತಿಯಲ್ಲಿ ಅಜಗಜಾಂತರವಿರುವ ಕೊನೆಯ ಎರಡೂ ಒಂದೇ ತೆರಿಗೆಯವು. ಹೆಚ್ಚುಕಡಿಮೆ ಸರಿಸಮವಾದ ಮೊದಲ ಎರಡರ ನಡುವೆ ಶೇ. 22ರ ಕಂದಕ!

ಆರಾಮದ ವಿಷಯವಂತೂ ಸಿಸಿಗೆ ಸಂಬಂಧಪಟ್ಟುದೇ ಅಲ್ಲ. ಆರ್‌ಆರ್ 310ರಲ್ಲಿ ಸವಾರ ಮುಂದಕ್ಕೆ ಬಾಗಿ ಕೂರಬೇಕು; ಹುಬ್ಬಳ್ಳಿಯಿಂದ ಬೆಂಗಳೂರಿನವರೆಗಿನ ನಾನೂರು ಕಿ.ಮೀ. ದಾರಿಯಲ್ಲಿ ಮಣಿಕಟ್ಟಿಗೂ ಸೊಂಟಕ್ಕೂ ಅದರ ಅರಿವಾಗದಿರದು. ಡಾಮಿನಾರ್‌ನದು ನೆಟ್ಟಗೆ ಕೂರುವ ಭಂಗಿ. 2021ರಲ್ಲಿ ಎತ್ತರದ ಗಾಳಿತಡೆ, ಕೈಗಾಪು, ಸಾಮಾನು ಹೊರುವ ಕ್ಯಾರಿಯರ್‌ಗಳನ್ನು ಕಾರ್ಖಾನೆಯಿಂದಲೇ ಅಳವಡಿಸಿ ಕೊಡಲಾಯಿತು. ಮಿಟಿಯೋರ್ ಕುರ್ಚಿಯಂತೆ ಸುಖಕರ, ಆದರೆ ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಲಾರಿ ಹಿಂದಿಕ್ಕಲು ಬೇಕಾದ ದಮ್ಮು ಅದರಲ್ಲಿ ಕಡಿಮೆ. (ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವನ್ನೇ ನಿಷೇಧಿಸಲಾಯಿತು, ಸೇವಾ ರಸ್ತೆಯಲ್ಲಿ ಎಲ್ಲ ಅಶ್ವಗಳದೂ ಒಂದೇ ನಡಿಗೆ.)

ದೊಡ್ಡ ಮೋಟಾರ್ ಸೈಕಲ್ ಐಷಾರಾಮದ ವಸ್ತು, ಕೊಳ್ಳುವವನಿಗೆ ಶಕ್ತಿಯುಂಟು ಎಂಬುದು ಸರ್ಕಾರದ ವಾದ. 1043 ಸಿಸಿಯ ಕವಾಸಕಿ ನಿಂಜಾ 1000ಎಸ್‌ಎಕ್ಸ್‌ನಂತಹ ವಾಹನದ ಮಟ್ಟಿಗೆ ಅದನ್ನು ಒಪ್ಪಬಹುದು. ಆದರೆ 373 ಸಿಸಿಯ ಒಂಟಿ ಸಿಲಿಂಡರ್ ವಾಹನವನ್ನೂ ಅದೇ ಪಂಕ್ತಿಯಲ್ಲಿ ಕೂರಿಸುವುದು ಯಾವ ನ್ಯಾಯ? ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಶೇ. 18 ತೆರಿಗೆ ಸಾಕೆನ್ನುವ ವ್ಯವಸ್ಥೆ, ಅದರ ಅರ್ಧ ಬೆಲೆಯೂ ಇಲ್ಲದ ದ್ವಿಚಕ್ರಕ್ಕೆ ಶೇ. 40 ಹೇರುವುದು ವಿಚಿತ್ರವೇ ಸರಿ.

ಸಣ್ಣ ಉತ್ಪಾದಕರಿಗೂ ಇದರ ಬಿಸಿ ತಟ್ಟುವಂತಹುದು. ತಯಾರಕರು ತೆರಿಗೆ ಉಳಿಸಲು ಎಂಜಿನ್ನಿನ ಗಾತ್ರವನ್ನು ಗೆರೆಯ ಕೆಳಕ್ಕೆ ಇಳಿಸಿದರೆ ಸಿಲಿಂಡರ್, ಪಿಸ್ಟನ್‌ಗಳ ಅಳತೆ ಬದಲಾಗುತ್ತದೆ. ಬಿಡಿಭಾಗ ಪೂರೈಸುವ ಘಟಕದವರು ಹೊಸ ಅಚ್ಚು, ಹೊಸ ಫಿಕ್ಸ್ಚರ್‌ಗಳಿಗೆ ಬಂಡವಾಳ ಹೂಡಬೇಕು, ಹಳೆಯವು ಗುಜರಿಗೆ. ಎರಡು ದರಗಳ ನಡುವೆ, 350ರಿಂದ 500 ಸಿಸಿವರೆಗೆ ಒಂದು ಮಧ್ಯಮ ಮೆಟ್ಟಿಲನ್ನು ಇರಿಸುವಂತೆ ವಾಣಿಜ್ಯ ಸಂಸ್ಥೆಗಳು ಜಿಎಸ್‌ಟಿ ಮಂಡಳಿಯ ಮುಂದೆ ಮನವಿ ಮಂಡಿಸುವುದು ಯುಕ್ತ.

ಅಲ್ಲಿಯವರೆಗೆ, ಫರ್ಮಿನ ಹೆಸರಿನಲ್ಲಿ ಕೊಂಡರೆ ತೆರಿಗೆ ಮರಳಿ ಬಂದೀತೆಂದು ನಂಬಿರುವ ವರ್ತಕರು ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮನ್ನು ಓದಿಕೊಳ್ಳುವುದು ಒಳಿತು. ಜನರ ಸಾಗಣೆಯ ಇಂತಹ ವಾಹನಗಳಿಗೆ, ಮಾರಾಟಗಾರರು, ಚಾಲನಾ ಶಾಲೆಗಳು ಮುಂತಾದ ಕೆಲವರನ್ನು ಬಿಟ್ಟರೆ, ಇನ್‌ಪುಟ್ ಕ್ರೆಡಿಟ್ ದೊರೆಯದು. ವಸೂಲಿಗೆ ಊರೂರು ಸುತ್ತುವ ಪ್ರತಿನಿಧಿಗೆಂದು ಕೊಂಡರೂ ಅಷ್ಟೆ. ಕ್ರೆಡಿಟ್ ಪಡೆಯದ ತೆರಿಗೆಯನ್ನು ವಾಹನದ ಬೆಲೆಗೆ ಸೇರಿಸಿ ಆದಾಯ ತೆರಿಗೆಯಲ್ಲಿ ಸವಕಳಿ ಕೇಳಬಹುದು, ಅದೂ ವ್ಯಾಪಾರಕ್ಕೆ ಬಳಸಿದ ಪ್ರಮಾಣದಷ್ಟೇ. ಭಾನುವಾರದ ಚಿಕ್ಕಮಗಳೂರು ಸವಾರಿ ಆ ಲೆಕ್ಕಕ್ಕೆ ಸೇರದು.