240 ಹರ್ಟ್ಸ್ ಕೊಂಡು 60ರಲ್ಲಿ ಆಡಿದ ನಾವು

ಮೊದಲೇ ಒಪ್ಪಿಕೊಂಡು ಬಿಡ್ತೀವಿ. ನಾವು ನಾಲ್ಕು ಜನ ಸೇರಿ ₹16,000 ಕೊಟ್ಟು 240 ಹರ್ಟ್ಸ್‌ನ ಗೇಮಿಂಗ್ ಮಾನಿಟರ್ ತಂದೆವು. ಮೂರೂವರೆ ತಿಂಗಳು ಅದನ್ನ 60 ಹರ್ಟ್ಸ್‌ನಲ್ಲಿ ಓಡಿಸಿದೆವು. ಅಷ್ಟೂ ದಿನ ರೂಮಿಗೆ ಬಂದವರಿಗೆಲ್ಲ “ನೋಡು ಗುರು, ಎಷ್ಟು ಸ್ಮೂತ್!” ಅಂತ ತೋರಿಸಿದೆವು. ಬಂದವರೂ “ಹೌದು ಮಗಾ, ಬೆಣ್ಣೆಯಿಂದ ಕೂದಲು ತೆಗೆದ ಹಾಗಿದೆ” ಅಂತ ತಲೆಯಾಡಿಸಿ ಹೋದರು. ಕೊನೆಗೆ ಒಬ್ಬ ಜೂನಿಯರ್ ಬಂದು, ಮೌಸ್ ಒಂದ್ಸಲ ಅಲ್ಲಾಡಿಸಿ, “ಅಣ್ಣಾ, ಇದು 60 ಅಲ್ವಾ?” ಅಂದ. ಸೆಟ್ಟಿಂಗ್ಸ್ ತೆಗೆದು ನೋಡಿದರೆ, ಹೌದು, 60.

ನಮ್ಮ ಪರಿಚಯ ಇಷ್ಟೇ. ಕೋಲಾರದವನ ಮನೆ ಮಹಡಿ ಮೇಲೆ ಒಂದು ರೂಮಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ದಿನಾ ಬಸ್ಸಲ್ಲಿ ಬರುವ ಉಳಿದ ಮೂವರು ಕ್ಲಾಸ್ ಮುಗಿದ ಮೇಲೆ ಅಲ್ಲಿ ಸೇರ್ತೀವಿ. ಡೆಸ್ಕ್‌ಟಾಪ್ ಮಾಲೂರಿನವನದು, ಅದರಲ್ಲಿರೋದು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಕಾರ್ಡ್. ಮಾನಿಟರ್‌ಗೆ ತಲಾ ₹4,000 ಹಾಕಿದೆವು. ಕೋಲಾರದವನು ಅಮ್ಮನ ಹತ್ರ ಕೇಳಿದ. ಮಾಲೂರಿನವನು ಹಳೆ ಫೋನ್ ಮಾರಿದ. ಮುಳಬಾಗಿಲಿನವನು ಭಾನುವಾರಗಳಲ್ಲಿ ಮದುವೆ ಮನೆಗಳಲ್ಲಿ ಬಡಿಸೋಕೆ ಹೋಗಿ ಸೇರಿಸಿದ. ಶ್ರೀನಿವಾಸಪುರದವನು ಮಾವಿನ ಸೀಸನ್‌ನಲ್ಲಿ ಮಂಡಿಯಲ್ಲಿ ಕ್ರೇಟ್ ಹೊತ್ತು ತಂದ ದುಡ್ಡು ಅದು.

ಎಸ್.ಪಿ. ರೋಡಿಗೆ ಹೋದಾಗ ಅಂಗಡಿಯವರು ಒಂದೇ ಪ್ರಶ್ನೆ ಕೇಳಿದ್ದರು: “ಯಾವ ಕಾರ್ಡ್ ಇದೆಯಪ್ಪಾ?” ಹೇಳಿದೆವು. “ಹಾಗಾದ್ರೆ 165ರದ್ದು ಸಾಕು, 12,000ಕ್ಕೆ ಬರುತ್ತೆ” ಅಂದರು. ನಾವು ಕೇಳಲಿಲ್ಲ. “ಮುಂದೆ ಕಾರ್ಡ್ ಚೇಂಜ್ ಮಾಡ್ತೀವಿ ಅಣ್ಣಾ” ಅಂತ 240ರದ್ದೇ ಹಿಡಿದು, ಮೆಜೆಸ್ಟಿಕ್‌ನಿಂದ ಕೋಲಾರದವರೆಗೂ ಡಬ್ಬ ತೊಡೆ ಮೇಲಿಟ್ಟುಕೊಂಡು ಬಂದೆವು. ಈಗ ಲೆಕ್ಕ ಹಾಕಿ. 165ಕ್ಕೂ 240ಕ್ಕೂ ವ್ಯತ್ಯಾಸ ₹4,000. ಅಂದ್ರೆ ನಮ್ಮಲ್ಲಿ ಒಬ್ಬನ ಪೂರ್ತಿ ಪಾಲು. ಒಂದು ಸೀಸನ್ ಕ್ರೇಟ್ ಹೊತ್ತ ದುಡ್ಡು.

ಆದ್ದರಿಂದ ನಮ್ಮ ವಾದ ಇದು: ಹೈ ರಿಫ್ರೆಶ್ ರೇಟ್ ಅನ್ನೋದು ಮೋಸ ಅಲ್ಲ, ಅದು ನಿಜವಾಗಿಯೂ ಬೇಕಾದ್ದೇ. ಆದರೆ ಡಬ್ಬದ ಮೇಲಿನ ನಂಬರ್ ನೋಡಿ ಕೊಳ್ಳಬೇಡಿ. ನಿಮ್ಮ ಮಷಿನ್ ಕೊಡುವ ನಂಬರ್ ನೋಡಿ ಕೊಳ್ಳಿ. ಕೊಂಡ ಮೇಲೆ ಅದನ್ನ ಪೂರ್ತಿ ಬಳಸಿ.

ಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಪರದೆ ಹೊಸ ಚಿತ್ರ ತೋರಿಸುತ್ತೆ ಅಂತ, ನಮಗೆಲ್ಲ ಗೊತ್ತು. ಆದರೆ ಎಂಜಿನಿಯರಿಂಗ್ ಓದುವವರು ನಾವು, ಅದನ್ನ ತಿರುಗಿಸಿ ಸಮಯದಲ್ಲಿ ನೋಡೋಣ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 16.7 ಮಿಲಿಸೆಕೆಂಡ್. 144ರಲ್ಲಿ 6.9. 240ರಲ್ಲಿ 4.2. 360ರಲ್ಲಿ 2.8. ಅಂದ್ರೆ 60ರಿಂದ 144ಕ್ಕೆ ಹೋದಾಗ ಉಳಿಯೋದು ಹೆಚ್ಚು ಕಡಿಮೆ 10 ಮಿಲಿಸೆಕೆಂಡ್. 144ರಿಂದ 240ಕ್ಕೆ ಹೋದಾಗ 3ಕ್ಕೂ ಕಡಿಮೆ. ಅಲ್ಲಿಂದ 360ಕ್ಕೆ ಒಂದೂವರೆಯೂ ಇಲ್ಲ. ನಂಬರ್ ಡಬಲ್ ಆಗ್ತಾ ಹೋಗುತ್ತೆ, ಬೆಲೆಯೂ ಏರುತ್ತೆ, ಸಿಗೋ ಲಾಭ ಮಾತ್ರ ಕರಗುತ್ತಾ ಹೋಗುತ್ತೆ. ಮೊದಲ ಮೆಟ್ಟಿಲಲ್ಲೇ ದೊಡ್ಡ ಲಾಭ ಇರೋದು.

“ಹಾಗಾದ್ರೆ ಸಿನಿಮಾ 24 ಫ್ರೇಮಲ್ಲೇ ಓಡುತ್ತಲ್ಲ, ಕೆ.ಜಿ.ಎಫ್. ನೋಡಿ ಶಿಳ್ಳೆ ಹೊಡೆಯುವಾಗ ಯಾರಾದ್ರೂ ಹರ್ಟ್ಸ್ ಕೇಳಿದ್ರಾ?” ಅಂತ ಮುಳಬಾಗಿಲಿನವನು ಕೇಳಿದ. ಒಳ್ಳೆ ಪ್ರಶ್ನೆ. ಸಿನಿಮಾದಲ್ಲಿ ಕ್ಯಾಮೆರಾ ಹಿಡಿದ ಪ್ರತಿ ಫ್ರೇಮಲ್ಲೂ ಚಲನೆಯ ಮಸುಕು ಸೇರಿರುತ್ತೆ, ಕಣ್ಣು ಅದನ್ನ ಜೋಡಿಸಿಕೊಳ್ಳುತ್ತೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ನಿಮ್ಮ ಕೈಯಲ್ಲಿ ಏನೂ ಇಲ್ಲ. ಗೇಮಲ್ಲಿ ಕೈ ಅಲ್ಲಾಡಿಸಿದ್ದಕ್ಕೆ ಪರದೆ ಉತ್ತರ ಕೊಡಬೇಕು. ಉತ್ತರ ತಡ ಆದರೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತೆ. 60ರಿಂದ 144ಕ್ಕೆ ಹಾಕಿದ ದಿನ ನಮಗೆ ಹಾಗೇ ಆಯ್ತು. ಮೂರೂವರೆ ತಿಂಗಳು “ಸ್ಮೂತ್” ಅಂದುಕೊಂಡಿದ್ದು ಬರೀ ನಂಬಿಕೆ ಅಂತ ಐದು ನಿಮಿಷದಲ್ಲಿ ತಿಳೀತು.

ಎರಡನೇ ವಿಷಯ, ಮಾನಿಟರ್ ಚಿತ್ರ ತಯಾರಿಸೋದಿಲ್ಲ. ತಯಾರಿಸೋದು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್. ಸೆಕೆಂಡಿಗೆ 90 ಚಿತ್ರ ಬಂದರೆ 240 ಹರ್ಟ್ಸ್ ಪರದೆಯೂ ಹೊಸದಾಗಿ ತೋರಿಸೋದು 90ನ್ನೇ. ನಮ್ಮ ಮಷಿನ್‌ನಲ್ಲಿ ಸೆಟ್ಟಿಂಗ್ಸ್ ಎಲ್ಲ ಲೋ ಇಟ್ಟರೂ ವ್ಯಾಲರಂಟ್ 160ರಿಂದ 190 ಕೊಡುತ್ತೆ, ಕೌಂಟರ್ ಸ್ಟ್ರೈಕ್ 2 ಸ್ಮೋಕ್ ಬಿದ್ದಾಗ 90ಕ್ಕೆ ಇಳಿಯುತ್ತೆ. 240 ಅನ್ನೋದನ್ನ ನಮ್ಮ ಕಾರ್ಡ್ ಕನಸಲ್ಲೂ ಕಂಡಿಲ್ಲ. ಹಾಗಾಗಿ ಕೊಳ್ಳುವ ಮೊದಲು ಒಂದು ವಾರ ಈ ಕೆಲಸ ಮಾಡಿ: ವಿ-ಸಿಂಕ್ ಆಫ್ ಮಾಡಿ, ಫ್ರೇಮ್ ಲಿಮಿಟ್ ತೆಗೆದು, ನೀವು ನಿಜವಾಗಿ ಆಡುವ ಗೇಮ್ ಆಡಿ, ಎಫ್‌ಪಿಎಸ್ ಬರೆದಿಟ್ಟುಕೊಳ್ಳಿ. ಅತಿ ಹೆಚ್ಚು ಎಷ್ಟು ಅನ್ನೋದು ಮುಖ್ಯ ಅಲ್ಲ. ಗಲಾಟೆ ಜಾಸ್ತಿ ಇದ್ದಾಗ ಎಷ್ಟಕ್ಕೆ ಇಳಿಯುತ್ತೆ ಅದನ್ನ ನೋಡಿ. ಅದು 50-60 ಇದ್ದರೆ ದುಡ್ಡು ಕಾರ್ಡಿಗೆ ಹೋಗಬೇಕು, ಮಾನಿಟರ್‌ಗಲ್ಲ. 100 ದಾಟಿದ್ದರೆ 144, 165, 180 ಇವುಗಳಲ್ಲಿ ಯಾವುದು ಕಡಿಮೆ ಬೆಲೆಗೆ ಸಿಗುತ್ತೋ ಅದು ಸಾಕು.

“ಮುಂದೆ ಕಾರ್ಡ್ ಬದಲಿಸಿದಾಗ ಬೇಕಾಗುತ್ತಲ್ಲ?” ಇದು ನಾವೇ ಹೇಳಿದ ಮಾತು. ಬದಲಿಸಿಲ್ಲ. ಬದಲಿಸೋ ಹೊತ್ತಿಗೆ ಇದೇ 240ರ ಬೆಲೆ ಇಳಿದಿರುತ್ತೆ. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದ ಹಾಗಾಯ್ತು ನಮ್ಮ ಕಥೆ.

ಇನ್ನು ಕೇಬಲ್ ವಿಷಯ. ನಮ್ಮ ಮಾನಿಟರ್‌ನಲ್ಲಿ ಎಚ್‌ಡಿಎಂಐ ಪೋರ್ಟ್ 144ರವರೆಗೆ ಮಾತ್ರ, ಪೂರ್ತಿ 240 ಬೇಕಾದರೆ ಡಿಸ್‌ಪ್ಲೇಪೋರ್ಟ್ ಬೇಕು. ಮ್ಯಾನ್ಯುಯಲ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಡಿಸ್‌ಪ್ಲೇಪೋರ್ಟ್ ಕೇಬಲ್ಲೂ ಡಬ್ಬದಲ್ಲೇ ಇತ್ತು, ಪ್ಲಾಸ್ಟಿಕ್ ಕವರ್ ಬಿಚ್ಚದೆ. ನಮಗೆ ಎಚ್‌ಡಿಎಂಐ ಪರಿಚಯ, ಅದನ್ನೇ ಸಿಕ್ಕಿಸಿದ್ದೆವು. ನೀವು ಹೀಗೆ ಮಾಡಬೇಡಿ. ಡೆಸ್ಕ್‌ಟಾಪ್ ಆದರೆ ಕೇಬಲ್ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಹಾಕಿ, ಮದರ್‌ಬೋರ್ಡ್‌ನದಕ್ಕಲ್ಲ. ಲ್ಯಾಪ್‌ಟಾಪ್ ಆದರೆ ಕೊಳ್ಳುವ ಮೊದಲೇ ಅದರ ಎಚ್‌ಡಿಎಂಐ ಯಾವ ವರ್ಷನ್ ಅಂತ ನೋಡಿ. 1.4 ಇದ್ದರೆ 1080ಪಿಯಲ್ಲಿ ಸಾಮಾನ್ಯವಾಗಿ 120ರ ಆಸುಪಾಸಿಗೆ ನಿಲ್ಲುತ್ತೆ. 2.0 ಇದ್ದರೆ 240ರವರೆಗೂ ದಾರಿ ಇದೆ, ಮಾನಿಟರ್ ಒಪ್ಪಬೇಕು ಅಷ್ಟೇ.

ಆಮೇಲೆ ವಿಂಡೋಸ್. ಹೊಸ ಮಾನಿಟರ್ ಸಿಕ್ಕಿಸಿದಾಗ ಅದು ಎಷ್ಟೋ ಸಲ 60ರಲ್ಲೇ ಕೂತುಬಿಡುತ್ತೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್ ಅಂತಿದೆ, ಕೈಯಾರೆ ಬದಲಿಸಿ. ಲಿನಕ್ಸ್‌ನವರು ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಗೇಮ್ ಒಳಗೆ ಫ್ರೇಮ್ ಲಿಮಿಟ್ 60ಕ್ಕೆ ಕಟ್ಟಿದೆಯಾ ಅಂತಲೂ ನೋಡಿ. ಹತ್ತು ನಿಮಿಷದ ಕೆಲಸ. ನಾವು ಮಾಡಲಿಲ್ಲ, ಮೂರೂವರೆ ತಿಂಗಳು ಹೋಯ್ತು.

ಹರ್ಟ್ಸ್‌ಗಿಂತ ಹೆಚ್ಚು ಬೆಲೆ ಬಾಳುವ ಒಂದು ಸೌಲಭ್ಯ ಇದೆ, ಅದನ್ನ ಯಾರೂ ಕೇಳಿ ಕೊಳ್ಳಲ್ಲ: ಅಡಾಪ್ಟಿವ್ ಸಿಂಕ್. ಕಂಪನಿ ನೋಡಿಕೊಂಡು ಫ್ರೀಸಿಂಕ್ ಅಂತಲೋ ಜಿ-ಸಿಂಕ್ ಅಂತಲೋ ಕರೀತಾರೆ. ದಿನಾ ಬಸ್ಸಲ್ಲಿ ಓಡಾಡುವವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಮಾಮೂಲಿ ಮಾನಿಟರ್ ಟೈಮಿಗೆ ಸರಿಯಾಗಿ ಹೊರಡುವ ಬಸ್. ಚಿತ್ರ ತಯಾರಾಗೋದು ಒಂದು ಕ್ಷಣ ತಡ ಆದರೂ ಬಸ್ ಹೊರಟು ಹೋಗಿರುತ್ತೆ, ವಿ-ಸಿಂಕ್ ಹಾಕಿದ್ದರೆ ಮುಂದಿನ ಬಸ್ಸಿಗೇ ಕಾಯಬೇಕು. ಹಾಕದಿದ್ದರೆ ಓಡೋ ಬಸ್ಸಿಗೆ ಅರ್ಧ ಹತ್ತಿದ ಹಾಗೆ, ಪರದೆಯ ಮೇಲರ್ಧ ಹಳೆ ಚಿತ್ರ, ಕೆಳಗರ್ಧ ಹೊಸದು. ಅದನ್ನೇ ಟೇರಿಂಗ್ ಅನ್ನೋದು. ಅಡಾಪ್ಟಿವ್ ಸಿಂಕ್ ಇರುವ ಮಾನಿಟರ್ ನಮ್ಮ ಕಡೆಯ ಪ್ರೈವೇಟ್ ಬಸ್ ಇದ್ದ ಹಾಗೆ, ಜನ ಬಂದು ಹತ್ತಿದ ಮೇಲೇ ಹೊರಡೋದು. ಫ್ರೇಮ್ 90ಕ್ಕೂ 150ಕ್ಕೂ ನಡುವೆ ಏರಿಳಿಯುವ ನಮ್ಮಂಥವರ ಮಷಿನ್‌ಗಳಿಗೆ ಇದೇ ನಿಜವಾದ ವರ. ಎನ್ವಿಡಿಯಾದವರು 2019ರ ಜನವರಿಯಿಂದ ಜಿಟಿಎಕ್ಸ್ 10 ಸರಣಿ ಮತ್ತು ಆಮೇಲಿನ ಕಾರ್ಡ್‌ಗಳಿಗೆ ಫ್ರೀಸಿಂಕ್ ಮಾನಿಟರ್‌ಗಳನ್ನೂ ಒಪ್ಪಿದ್ದಾರೆ, ಆದ್ದರಿಂದ ಅದಕ್ಕಂತ ಬೇರೆ ದುಬಾರಿ ಮಾನಿಟರ್ ಬೇಕಿಲ್ಲ. ಆದರೆ ಮಾನಿಟರ್ ಮೆನುವಿನಲ್ಲೂ ಡ್ರೈವರ್‌ನಲ್ಲೂ ಎರಡೂ ಕಡೆ ಆನ್ ಮಾಡಬೇಕು.

ಡಬ್ಬದ ಮೇಲಿನ “1 ಎಂಎಸ್”ಗೂ ಮರುಳಾಗಬೇಡಿ. ಒಂದು ಬೂದು ಬಣ್ಣದಿಂದ ಇನ್ನೊಂದಕ್ಕೆ ಬದಲಾಗುವ ವೇಗ ಅದು, ಸಾಮಾನ್ಯವಾಗಿ ಓವರ್‌ಡ್ರೈವ್ ಅನ್ನ ಕೊನೆಯವರೆಗೆ ಏರಿಸಿದಾಗ ಸಿಗುವಂಥದ್ದು. ನಾವು ಏರಿಸಿ ನೋಡಿದೆವು, ಓಡುವ ಶತ್ರುವಿನ ಹಿಂದೆ ಬಿಳಿ ನೆರಳೊಂದು ಓಡೋಕೆ ಶುರುವಾಯ್ತು. ನಡುವಿನ ಲೆವೆಲ್‌ಗೆ ಇಳಿಸಿದ ಮೇಲೆ ಸರಿಹೋಯ್ತು. ಪ್ಯಾನೆಲ್ ಐಪಿಎಸ್ ತಗೊಳ್ಳಿ. ಕಡಿಮೆ ಬೆಲೆಯ ವಿಎ ಪ್ಯಾನೆಲ್‌ಗಳಲ್ಲಿ ಕತ್ತಲ ದೃಶ್ಯ ಮಸಿ ಎಳೆದ ಹಾಗೆ ಕಾಣೋದುಂಟು. ಸೈಜ್ 24 ಇಂಚಿಗೆ 1080ಪಿ ಸರಿ. 27 ಇಂಚಲ್ಲಿ ಅದೇ 1080ಪಿ ಆದರೆ ಇಂಚಿಗೆ 92 ಇದ್ದ ಪಿಕ್ಸೆಲ್ 82ಕ್ಕೆ ಇಳಿಯುತ್ತೆ, ಕೋಡ್ ಬರೆಯುವಾಗ ಅಕ್ಷರ ಒರಟಾಗಿ ಕಾಣುತ್ತೆ. 27 ಬೇಕೇ ಬೇಕು ಅಂದ್ರೆ 1440ಪಿ ತಗೊಳ್ಳಿ, ಆದರೆ ಅದನ್ನ ಸಾಕುವ ಶಕ್ತಿ ಕಾರ್ಡಿಗಿರಬೇಕು.

ಈಗ ನಮ್ಮೂರಿನ ಸತ್ಯ. ಶ್ರೀನಿವಾಸಪುರದವನು ರಜೆಗೆ ಮಾನಿಟರ್ ಊರಿಗೆ ಒಯ್ದಿದ್ದ. ಹಳ್ಳಿ ಮನೆ, ಮೊಬೈಲ್ ಹಾಟ್‌ಸ್ಪಾಟ್. ಸರ್ವರ್ ಮುಂಬೈಯಲ್ಲಿ. ಪಿಂಗ್ ಒಮ್ಮೆ 45, ಒಮ್ಮೆ 120. ಪರದೆಯಲ್ಲಿ 10 ಮಿಲಿಸೆಕೆಂಡ್ ಉಳಿಸೋಕೆ ಸಾವಿರಾರು ಖರ್ಚು ಮಾಡಿದವರು ನೆಟ್‌ವರ್ಕ್‌ನಲ್ಲಿ 75 ಕಳ್ಕೊಂಡೆವು. ಕೋಲಾರದ ರೂಮಲ್ಲಿ ಬ್ರಾಡ್‌ಬ್ಯಾಂಡ್ ಇದೆ, ಅಲ್ಲೂ ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆದ ದಿನ ಆದ ಸುಧಾರಣೆ 144ರಿಂದ 240ಕ್ಕೆ ಹೋದಾಗ ಆಗಲಿಲ್ಲ. ಕೇಬಲ್‌ಗೆ ಆದ ಖರ್ಚು ₹300.

ಕರೆಂಟ್ ಕೂಡ ಅಷ್ಟೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹರಿದು ಬಂದದ್ದು ನಮ್ಮ ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿಗೂ ಮೊದಲು. ಆ ಹೆಮ್ಮೆ ಇಟ್ಕೊಂಡೇ ಹೇಳ್ತೀವಿ, ಸಂಜೆ ಮಳೆ ಗಾಳಿ ಬಂದರೆ ಮ್ಯಾಚ್ ನಡುವೆ ರೂಮು ಕತ್ತಲು. ಉಳಿಸಿದ ₹4,000 ಇದ್ದಿದ್ದರೆ ಒಂದು ಸಣ್ಣ ಯುಪಿಎಸ್ ಬರ್ತಿತ್ತು. ಮ್ಯಾಚ್ ಹೋಗಲಿ, ಸೇವ್ ಮಾಡದ ಪ್ರಾಜೆಕ್ಟ್ ರಿಪೋರ್ಟ್ ಹೋದ ದಿನ ಅತ್ತಿದ್ದು ನಾಲ್ವರೂ.

ಮನೆಯವರು, ಮೇಷ್ಟ್ರುಗಳು ಕೇಳೋ ಪ್ರಶ್ನೆ ಬೇರೆ: “ಗೇಮ್ ಆಡೋಕೆ ಇಷ್ಟು ದುಡ್ಡಾ?” ಇದನ್ನ ನಾವು ಹಗುರ ಮಾಡಲ್ಲ. ಅದೇ ಪರದೆಯಲ್ಲಿ ಕೋಡ್ ಬರೀತೀವಿ, ಸರ್ಕ್ಯೂಟ್ ಸಿಮ್ಯುಲೇಶನ್ ಮಾಡ್ತೀವಿ, ಲ್ಯಾಪ್‌ಟಾಪ್‌ಗೆ ಎರಡನೇ ಸ್ಕ್ರೀನ್ ಆಗಿಯೂ ಬಳಸ್ತೀವಿ. ಆದರೆ ಆ ಕೆಲಸಗಳಿಗೆ 60 ಹರ್ಟ್ಸೇ ಸಾಕು, “ಓದೋಕೆ” ಅಂತ ಹೇಳಿ 240 ಕೊಳ್ಳೋದು ಅಪ್ಪ ಅಮ್ಮನಿಗೆ ಹೇಳುವ ಸುಳ್ಳು. ಫೋನಲ್ಲಿ ಬಿಜಿಎಂಐ ಮಾತ್ರ ಆಡುವವರಿಗೆ ಈ ಮಾನಿಟರ್ ಬೇಡವೇ ಬೇಡ. ಕ್ಯಾಡ್ ಜಾಸ್ತಿ ಮಾಡುವ ಮೆಕ್ಯಾನಿಕಲ್, ಸಿವಿಲ್ ಗೆಳೆಯರು ಹರ್ಟ್ಸ್ ಬಿಟ್ಟು ರೆಸಲ್ಯೂಶನ್‌ಗೆ ದುಡ್ಡು ಹಾಕಿ. ಇಎಂಐ ಹಾಕಿ ಮಾತ್ರ ಯಾರೂ ಕೊಳ್ಳಬೇಡಿ. ಕಂತು ಮುಗಿಯೋ ಮೊದಲೇ ಸೆಮಿಸ್ಟರ್ ಮುಗಿದಿರುತ್ತೆ. ನಾವು ಮಾನಿಟರ್ ತಂದ ಸೆಮಿಸ್ಟರಲ್ಲಿ ನಮ್ಮಲ್ಲಿ ಇಬ್ಬರಿಗೆ ಬ್ಯಾಕ್ ಬಂತು, ಅದಕ್ಕೆ ಹರ್ಟ್ಸ್ ಕಾರಣ ಅಲ್ಲ, ರಾತ್ರಿ ಎರಡು ಗಂಟೆ ಕಾರಣ. ಈಗ ಹನ್ನೊಂದಕ್ಕೆ ಕೋಲಾರದವನ ಅಮ್ಮ ಕೆಳಗಿಂದಲೇ ಮೇನ್ ಆಫ್ ಮಾಡ್ತಾರೆ. ಅದೂ ಒಂಥರಾ ಫ್ರೇಮ್ ಲಿಮಿಟ್.

ಶ್ರೀನಿವಾಸಪುರದವನಿಗೆ ಲೆಕ್ಕ ಗೊತ್ತಾದ ದಿನ ತೆಲುಗಲ್ಲೊಂದು, ಕನ್ನಡದಲ್ಲೊಂದು ಬೈದು ಸುಮ್ಮನಾದ. ಮಾರನೇ ದಿನ ಎಂದಿನಂತೆ ಬಂದು ಕೂತ. ಫೈನಲ್ ಇಯರ್ ಮುಗಿದ ಮೇಲೆ ಮಾನಿಟರ್ ಅವನಿಗೇ ಅಂತ ಉಳಿದ ಮೂವರು ತೀರ್ಮಾನ ಮಾಡಿದ್ದೀವಿ. ಅವನಿಗಿನ್ನೂ ಹೇಳಿಲ್ಲ, ಇಲ್ಲಿ ಓದಿ ತಿಳ್ಕೊಳ್ಳಲಿ.

ಈ ಹಬ್ಬದ ಆಫರ್‌ನಲ್ಲಿ ಯಾರಾದ್ರೂ ಮಾನಿಟರ್ ತಗೊಳ್ಳೋ ಯೋಚನೆಯಲ್ಲಿದ್ದರೆ, ಮೊದಲು ನಿಮ್ಮ ಲ್ಯಾಪ್‌ಟಾಪ್ ಹಿಡ್ಕೊಂಡು ನಮ್ಮ ರೂಮಿಗೆ ಬನ್ನಿ. ನಮ್ಮ ಮಾನಿಟರ್‌ಗೆ ಸಿಕ್ಕಿಸಿ, 60, 144, 240 ಮೂರರಲ್ಲೂ ನಿಮ್ಮದೇ ಗೇಮ್ ಆಡಿ ನೋಡಿ. ಯಾವ ನಂಬರ್ ಅಂತ ನಾವು ಹೇಳಲ್ಲ, ನೀವೇ ಗುರುತಿಸಿ. ಗುರುತು ಸಿಗದಿದ್ದರೆ ಕಡಿಮೆಯದ್ದೇ ಕೊಳ್ಳಿ. ಹನ್ನೊಂದರೊಳಗೆ ಬನ್ನಿ.