ಮನವಿ ಪತ್ರ ಕೊನೆಗೆ ಬರಲಿ

ದಾವಣಗೆರೆಯ ಜಯದೇವ ವೃತ್ತದಲ್ಲಿ ಧರಣಿ ಇದೆ ಎಂಬ ಸುದ್ದಿ ನಮ್ಮ ಎಸ್.ಎಸ್. ಬಡಾವಣೆಗೆ ಮುಟ್ಟುವುದು ಆಟೊದವರ ಬಾಯಿಂದ: ‘ಆ ಕಡೆ ಬ್ಯಾಡ್ರಿ ಸಾರ್, ರಸ್ತೆ ಬಂದ್ ಮಾಡ್ಯಾರ.’ ಯಾರು ಕೂತಿದ್ದಾರೆ, ಯಾಕೆ ಎಂದು ಕೇಳುವವರು ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಅಧಿಕಾರಿಯೊಬ್ಬರು ಬಂದು ಮನವಿ ಪತ್ರ ಇಸಿದುಕೊಳ್ಳುತ್ತಾರೆ, ಫೋಟೊ ಆಗುತ್ತದೆ, ಶಾಮಿಯಾನ ಬಿಚ್ಚುತ್ತಾರೆ.

ಪಕ್ಕದ ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯಲ್ಲಿ ಮನವಿ ಪತ್ರಕ್ಕೆ ಮುಂಚೆ ಮಾಡಬೇಕಾದ ಕೆಲಸ ಬಹಳ ಇತ್ತು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಆ ಮಾತಿನ ಗಲಾಟೆಯಲ್ಲಿ ರಾಜ್ಯದುದ್ದಕ್ಕೂ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪ ಮಂತ್ರಿಗಿರಿ ಕಳೆದುಕೊಂಡರು. ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿ ಆಗ ಒಂದೇ ವರ್ಷ. ಇಲ್ಲಿ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕೃಷ್ಣಪ್ಪನವರ ಸುತ್ತ ಹುಡುಗರು ಸೇರಿದರು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಜೊತೆಯಾದರು. ‘ಪಂಚಮ’ ಪತ್ರಿಕೆ ಬಂತು. ಮೇಷ್ಟ್ರು, ಗುಮಾಸ್ತರು, ಹಾಸ್ಟೆಲ್ ಹುಡುಗರು ಕಟ್ಟಿದ ಸಂಘಟನೆ ಈ ಸಮಿತಿ. ನೌಕರಿ ಹೋದರೆ ಮನೆಯೇ ಮುಳುಗುವ ಜನ.

ಅವರ ಕೆಲಸವೆಂದರೆ ಅಧ್ಯಯನ ಶಿಬಿರ, ಕರಪತ್ರ, ಜಾಥಾ, ಬೀದಿ ನಾಟಕ, ಎಲ್ಲಕ್ಕಿಂತ ಹೆಚ್ಚಾಗಿ ಹಾಡು. ಸಾವಿಗೂ ಜಾತ್ರೆಗೂ ಬಿಟ್ಟಿಯಾಗಿ ಬಡಿಯಬೇಕಿದ್ದ ತಮಟೆಯನ್ನೇ ಮೆರವಣಿಗೆಯ ಮುಂದೆ ತಂದರಲ್ಲ, ನನ್ನ ಲೆಕ್ಕದಲ್ಲಿ ಅದು ಯಾವ ಭಾಷಣಕ್ಕೂ ಮಿಗಿಲು. ಓದು ಬಾರದವರಿಗೂ ತಮ್ಮ ಹಕ್ಕು ಬಾಯಿಪಾಠವಾದದ್ದು ಹೀಗೆ. ಮಾಲೂರು ಕಡೆಯ ಹುಣಸಿಕೋಟೆಯಲ್ಲಿ ಕೊಲೆ, ಅತ್ಯಾಚಾರ ನಡೆದಾಗ ಬೆಂಗಳೂರಿನವರೆಗೆ ನಡೆದೇ ಹೋದರು. ನಡೆದುಹೋಗುವವರಿಗೆ ದಾರಿಯ ಹಳ್ಳಿಗಳೆಲ್ಲ ಸಭೆಯೇ.

ಗೆದ್ದ ಕತೆಯಷ್ಟೇ ಹೇಳಿದರೆ ಮೋಸವಾದೀತು. 1986ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ಬೇಡವೆಂದು ತಿಳಿಹೇಳಲು ಹೋದ ಕಾರ್ಯಕರ್ತರ ಮೇಲೆ ಭಕ್ತರ ಗುಂಪು ತಿರುಗಿಬಿತ್ತು. ಪೊಲೀಸರನ್ನೂ ಬಿಡಲಿಲ್ಲ, ಪತ್ರಕರ್ತರನ್ನೂ ಬಿಡಲಿಲ್ಲ; ಕರ್ತವ್ಯದಲ್ಲಿದ್ದ ಮಹಿಳಾ ಪೊಲೀಸರ ಬಟ್ಟೆಗೇ ಕೈಹಾಕಿದರು. ಹರಕೆ ಹೊತ್ತು ಬಂದವರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದವರು. ಗೌಡರ ಎದುರು, ಸರ್ಕಾರದ ಎದುರು ಘೋಷಣೆ ಕೂಗಿದಂತಲ್ಲ ಇದು. ತಮ್ಮವರ ಹರಕೆಗೇ ಅಡ್ಡ ನಿಲ್ಲುವುದು. ಸೇವೆ ನಿಂತದ್ದು ಆಮೇಲೆ, ಸರ್ಕಾರದ ನಿಷೇಧದಿಂದ. ಮಾತು ಸೋತಿತು ಎಂದು ಕೆಲವರು ಅಂದಾರು. ಆ ಮಾತು ಆಡುವವರು ಅಲ್ಲಿಗೆ ಹೋಗದಿದ್ದರೆ ನಿಷೇಧವೂ ಅಷ್ಟು ಬೇಗ ಬರುತ್ತಿರಲಿಲ್ಲ ಎಂಬುದು ನನ್ನ ವಾದ.

ಮುಂದೆ ಚುನಾವಣೆ ಬಂತು, ಯಾವ ಪಕ್ಷದ ಜೊತೆ ಎಂಬ ಜಗಳ ಬಂತು, ಸಮಿತಿ ಒಡೆಯಿತು. ಈಗ ಬ್ಯಾನರಿನಲ್ಲಿ ಸಮಿತಿಯ ಹೆಸರಿನ ಪಕ್ಕ ಆವರಣದೊಳಗೆ ‘ಪ್ರೊ. ಬಿ. ಕೃಷ್ಣಪ್ಪ ಸ್ಥಾಪಿತ’ ಎಂದು ಬರೆದರೂ ಯಾವ ಬಣ ಎಂದು ಕೇಳಬೇಕು. 1997ರ ಏಪ್ರಿಲ್ 30ರಂದು ಕೃಷ್ಣಪ್ಪನವರು ತೀರಿಕೊಂಡರು.

ಹರಿಹರದ ಹೊರಗಿನ ಮೈತ್ರಿವನದಲ್ಲಿ ಅವರ ಸ್ಮಾರಕವಿದೆ. ಜೂನ್ 9 ಅವರ ಹುಟ್ಟಿದ ದಿನ. ಅಂದು ಎಲ್ಲ ಬಣದವರೂ ಸ್ಮಾರಕಕ್ಕೆ ಹಾಕುವ ಹಾರದ ದುಡ್ಡು ಒಟ್ಟುಹಾಕಿ ನಮ್ಮ ಕಾಲೇಜು ಮಕ್ಕಳಿಗೆ ಅಲ್ಲಿ ಎರಡು ದಿನದ ಶಿಬಿರ ನಡೆಸಲಿ: ಒಂದು ಕರಪತ್ರ ಬರೆಯುವುದು ಹೇಗೆ, ಒಂದು ಕೇರಿಯಲ್ಲಿ ಕೂತು ವಿಚಾರಿಸುವುದು ಹೇಗೆ. ಬಡಾವಣೆಯ ನಮ್ಮಂಥವರ ಮಕ್ಕಳನ್ನೂ ಕರೆಯಲಿ.